ಎರಡನೆಯ ಹಗ್ಗ

ಮೂರನೆಯ ಸಲವೂ ಅವಳು ಡ್ರಾಯರನ್ನು ಪೂರ್ತಿ ಹೊರಗೆಳೆದು ಮಂಚದ ಮೇಲೆ ಬೋರಲು ಹಾಕಿದಳು. ಸ್ಕ್ರೂಗಳು, ಸವೆದ ಬೇರಿಂಗು, ಗಂಡನ ಎರಡು ಹಳೆಯ ಕನ್ನಡಕ, ರಬ್ಬರ್‌ಬ್ಯಾಂಡ್ ಹಾಕಿದ ವಿಮೆ ಪುಸ್ತಿಕೆಗಳು. ಬೇಕಾದ ಚೀಟಿ ಮಾತ್ರ ಇಲ್ಲ. ಆಚೆ ಹಜಾರದಲ್ಲಿ ಗಂಡನನ್ನು ಮಲಗಿಸಿದ್ದರು. ಮೂರೂವರೆಗೆ ಶವದ ಗಾಡಿ ಬರುವುದಿತ್ತು, ಐದಕ್ಕೆ ವಿಮೆ ಕಚೇರಿಯ ಬಾಗಿಲು ಮುಚ್ಚುವುದಿತ್ತು.

"ಅಮ್ಮಾ, ಜನ ಎಲ್ಲ ಬಂದು ಕೂತಿದ್ದಾರೆ. ನೀನು ಇಲ್ಲೇನು ಕೆದಕ್ತಾ ಇದ್ದೀಯ?" ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

"ಯಾವ ಪ್ಲಾನು ಅಂತ ನಿಮ್ಮಪ್ಪ ಎಲ್ಲಾದರೂ ಬರೆದಿಟ್ಟಿರ್ತಾರೆ."

"ಇವತ್ತು ಅದೆಲ್ಲ ಬೇಕಾ?"

"ಇವತ್ತೇ ಕಡೇ ದಿನ ಕಣೇ. ನಾನೇನು ಮಾಡ್ಲಿ?"

ನಿವೃತ್ತರ ಹಳೆಯ ವಿಮೆ ಈ ತಿಂಗಳಿಗೆ ಮುಗಿಯುತ್ತಿತ್ತು. ಆಸ್ಪತ್ರೆ, ಔಷಧಿ, ಹಲ್ಲು, ಕಣ್ಣು, ಜೊತೆಗೆ ಆಸ್ಪತ್ರೆಯಿಂದ ಮನೆಗೆ ಬಿಡುವ ಕಾರು, ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಹೊಸ ಪ್ಲಾನು ಒಂದು. ಅದು ಬೇಡವೆಂದರೆ ಒಂದೊಂದಕ್ಕೂ ಬೇರೆ ಬೇರೆ ವಿಮೆ. ಎರಡರಲ್ಲಿ ಒಂದನ್ನು ಐದರೊಳಗೆ ಆರಿಸದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು. ಅವಳ ಕಣ್ಣು ಅಷ್ಟು ಕಾಯುವ ಕಣ್ಣಲ್ಲ. ಆರು ವಾರಕ್ಕೊಂದು ಇಂಜೆಕ್ಷನ್ ತಪ್ಪಿದರೆ ಉಳಿದ ನೋಟವೂ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಗಂಡನನ್ನು ಕಳಿಸಿಕೊಡುವ ದಿನ ತನ್ನ ಕಣ್ಣಿನ ಚಿಂತೆ ಮಾಡುತ್ತಿದ್ದೇನಲ್ಲ ಎಂದು ಅವಳಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಕೈ ಹುಡುಕುವುದನ್ನು ಬಿಡಲಿಲ್ಲ.

ಹಜಾರದಲ್ಲಿ ಗಂಡನ ಹಳೆಯ ಜೊತೆಗಾರ ಮೈದುನನಿಗೆ ಕತೆ ಹೇಳುತ್ತಿದ್ದ. ಅವನೂ ಗಂಡನೂ ಮೂವತ್ತು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು.

"ನಾವು ಅವನಿಗೆ ಇಟ್ಟಿದ್ದ ಹೆಸರೇ ಅನುಮಾನ. ಬೋರ್ಡಲ್ಲಿ ಎಂಟು ಜನ ಅಂತ ಬರೆದಿದ್ರೆ, ಎಂಟು ಜನರ ತೂಕದ ಮೂಟೆ ಹೇರಿ ಮೇಲೆ ಕೆಳಗೆ ಓಡಿಸೋವರೆಗೂ ಸಹಿ ಹಾಕ್ತಿರಲಿಲ್ಲ. ಒಂದ್ಸಲ ಮೂಟೆ ಸಿಗ್ಲಿಲ್ಲ ಅಂತ ನಮ್ಮನ್ನೇ ತುಂಬಿದ್ದ. ಹೋಗಿ ಹತ್ತನೇ ಮಹಡೀಲಿ ನಿಂತುಬಿಡ್ತು ನೋಡಿ."

ಯಾರೋ ನಕ್ಕರು. ಆಮೇಲೆ ಹೆಣದ ಕಡೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು.

"ಊರಿಗೆಲ್ಲ ಲಿಫ್ಟ್ ಹಾಕಿದ ಅಣ್ಣ," ಎಂದ ಮೈದುನ. "ತನ್ನ ಮನೆಗೆ ಮಾತ್ರ ಮೂರು ಮಹಡಿ ಮೆಟ್ಟಿಲೇ ಗತಿ."

*

ಒಂದು ತಿಂಗಳಿನಿಂದ ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಗಂಡ ವಿಮೆ ಪುಸ್ತಿಕೆ ಬಿಚ್ಚಿಟ್ಟುಕೊಂಡು ಪಟ್ಟಿಯಲ್ಲಿದ್ದ ಡಾಕ್ಟರಿಗೆಲ್ಲ ಒಬ್ಬೊಬ್ಬರಿಗಾಗಿ ಫೋನು ಮಾಡುತ್ತಿದ್ದರು.

"ಈ ಹಲ್ಲಿನ ಡಾಕ್ಟರು ತೀರಿಕೊಂಡು ಎರಡು ವರ್ಷ ಆಯ್ತಂತೆ. ಪುಸ್ತಕದಲ್ಲಿ ಇನ್ನೂ ಹಲ್ಲು ಕೀಳ್ತಾನೇ ಇದ್ದಾರೆ."

"ನನ್ನ ಕಣ್ಣಿನ ಡಾಕ್ಟರು?"

"ಅವರಿದ್ದಾರೆ. ಕೇಳಿದೆ."

"ಇನ್ನೇನು ಮತ್ತೆ? ಆ ಗಂಟುಪ್ಲಾನೇ ಹಾಕಿಬಿಡಿ."

"ಇನ್ನೊಂದು ನೋಡೋದಿದೆ," ಎಂದರು. ಏನು ಎಂದು ಕೇಳಿದರೆ, "ನೋಡಿ ಹೇಳ್ತೀನಿ."

ಎರಡು ಮಧ್ಯಾಹ್ನ ಎಲ್ಲಿಗೆಂದು ಹೇಳದೆ ಹೋಗಿ ಬಂದರು. ಒಂದು ದಿನ ಮೊಣಕಾಲು ತರಚಿತ್ತು. ಕೇಳಿದರೆ ಮಾತು ಹಾರಿಸಿದರು. ಮಂಗಳವಾರ ಬೆಳಿಗ್ಗೆ ಅವಳ ತಾಳ್ಮೆ ಕೆಟ್ಟಿತು.

"ನಾನು ಕುರುಡಿ ಆದ ಮೇಲೆ ಆರಿಸ್ತೀರಾ?"

"ಗುರುವಾರ ಸಂಜೆಯೊಳಗೆ ಹೇಳ್ತೀನಿ ತಾಯಿ," ಎಂದು ಚೀಲ ಹಿಡಿದು ಹಾಲಿಗೆ ಹೊರಟರು. ವಾಪಸ್ಸು ಬರುವಾಗ ಎರಡನೆಯ ಮಹಡಿಯ ತಿರುವಿನಲ್ಲಿ ಕೂತರು. ಕೂತವರು ಏಳಲಿಲ್ಲ.

ಗಂಡನಿಗೆ ತಾನು ಆಡಿದ ಕೊನೆಯ ಮಾತು ಅದು. ಮೂರು ದಿನದಿಂದ ಅದು ಅವಳನ್ನು ಕೂತಲ್ಲಿ ಕೂರಗೊಡಲಿಲ್ಲ, ನಿಂತಲ್ಲಿ ನಿಲ್ಲಗೊಡಲಿಲ್ಲ.

*

ಮೂರಕ್ಕೆ ಸರಿಯಾಗಿ ಕರೆಗಂಟೆ ಸದ್ದು ಮಾಡಿತು. ಮಗಳು ಹೋಗಿ ಬಾಗಿಲು ತೆಗೆದಳು. ನೀಲಿ ಸಮವಸ್ತ್ರದ, ನಲವತ್ತು ದಾಟಿದ ಹೆಂಗಸೊಬ್ಬಳು ಕೈಯಲ್ಲಿ ಕಾರಿನ ಕೀಲಿ ಹಿಡಿದು ಏದುಸಿರು ಬಿಡುತ್ತಿದ್ದಳು.

"ಗಾಡಿ ಬೇಗ ಬಂತಲ್ಲ," ಎಂದಳು ಮಗಳು. "ಒಬ್ಬರೇ ಬಂದಿದ್ದೀರಾ? ಎತ್ತೋಕೆ ಜನ ಬೇಡ್ವಾ?"

"ಎತ್ತೋದಾ? ಕೈ ಹಿಡ್ಕೊಂಡ್ರೆ ಸಾಕು, ಅವರೇ ನಡೀತಾರೆ. ಹೋದ್ಸಲಾನೂ ನಾನೇ ಬಂದಿದ್ನಲ್ಲ."

ಡ್ರೈವರಮ್ಮ ಮಗಳ ಭುಜದಾಚೆ ಇಣುಕಿದಳು, ಹೂವು ಕಂಡಳು, ಮುಖ ಕಂಡಳು. ಕೈಯಲ್ಲಿದ್ದ ಕೀಲಿ ಕೆಳಗೆ ಬಿತ್ತು.

"ನಂಗೆ ಗೊತ್ತಿರಲಿಲ್ಲಮ್ಮ. ಗುರುವಾರ ಮೂರು ಗಂಟೆಗೆ ಬಾ ಅಂದಿದ್ರು ಯಜಮಾನ್ರು."

ಡ್ರಾಯರು ಬಿಟ್ಟು ಅವಳು ಕೋಣೆಯಿಂದ ಈಚೆ ಬಂದಳು. "ಎಲ್ಲಿಗೆ ಹೋಗೋಕೆ?"

"ಕಣ್ಣಾಸ್ಪತ್ರೆಗೆ. ಅಲ್ಲಿಂದ ವಾಪಸ್ ಮನೆಗೆ."

"ಅವರ ಕಣ್ಣು ಚೆನ್ನಾಗಿತ್ತು."

"ಚೆನ್ನಾಗೇ ಇತ್ತಮ್ಮ. ಆಸ್ಪತ್ರೆ ಬಾಗಿಲಿಗೆ ಬಂದ ತಕ್ಷಣ ಮುಚ್ಕೊಂಡುಬಿಡೋರು. ನಾನೀಗ ಇಂಜೆಕ್ಷನ್ ಆದವನು, ಏನೂ ಕಾಣಲ್ಲ, ಮನೆಗೆ ಕರ್ಕೊಂಡು ಹೋಗು ಅನ್ನೋರು."

ಗಂಟುಪ್ಲಾನಿನಲ್ಲಿ ವಿಮೆಯವರು ಯಾರ ಕಾರು ಕಳಿಸುತ್ತಾರೆಂದು ವಿಚಾರಿಸಿಕೊಂಡು, ಅದೇ ಕಾರನ್ನು ಯಜಮಾನರು ತಮ್ಮ ಕೈಯಿಂದ ಬಾಡಿಗೆ ಕೊಟ್ಟು ಕರೆಸಿದ್ದರಂತೆ. ಮೊದಲ ಸಲ ಡ್ರೈವರಮ್ಮ ಗೇಟಿನಲ್ಲಿ ಇಳಿಸಿ ಹೊರಟಿದ್ದಳು. ಅವರು ಕಣ್ಣು ಮುಚ್ಚಿಕೊಂಡೇ ತಡಕಾಡಿ ಮೊದಲ ಮೆಟ್ಟಿಲಿಗೆ ಮುಗ್ಗರಿಸಿದರು. ಎದ್ದು ನಿಂತು ಚೆನ್ನಾಗಿ ಬೈದರು.

"ಎರಡನೇ ಸಲ ಮೇಲಿನವರೆಗೂ ಕರ್ಕೊಂಡು ಬರ್ತಿದ್ದೆ. ಎರಡನೇ ಮಹಡೀಲಿ ಫೋನ್ ಬಂತು, ಒಂದು ನಿಮಿಷ ಕೈ ಬಿಟ್ಟೆ. ಫೇಲು ಅಂದ್ರು. ಇವತ್ತು ಪಾಸಾದ್ರೆ ಸಂಜೆ ಸಹಿ ಹಾಕ್ತೀನಿ ಅಂದಿದ್ರು."

"ನನ್ನನ್ನ ಯಾವತ್ತೂ ಅವರೇ ಕರ್ಕೊಂಡು ಬರ್ತಿದ್ರಲ್ಲ," ಎಂದಳು ಅವಳು. ಇಂಜೆಕ್ಷನ್ ಆದ ದಿನ ಒಂದು ಕಣ್ಣಿಗೆ ಕಟ್ಟು, ಇನ್ನೊಂದು ಮೊದಲೇ ಮಂಜು. ಮೆಟ್ಟಿಲ ಲೆಕ್ಕ ಅವರ ಬಾಯಲ್ಲೇ ಇರುತ್ತಿತ್ತು.

"ನಾನೂ ಅದನ್ನೇ ಕೇಳ್ದೆ, ನೀವೇ ಇದ್ದೀರಲ್ಲ ಸಾರ್ ಅಂತ. ಲಿಫ್ಟನ್ನ ಒಂದೇ ಹಗ್ಗಕ್ಕೆ ನೇತು ಹಾಕಲ್ಲಮ್ಮ ಅಂದ್ರು."

ಹಳೆಯ ಜೊತೆಗಾರ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ. ಮೂರು ದಿನದಿಂದ ಬಾರದಿದ್ದ ಅಳು ಅವಳಿಗೆ ಆಗ ಬಂತು. ಪಕ್ಕದಲ್ಲಿ ಕೂತಿದ್ದವರ ಹೆಗಲು ಸಿಕ್ಕರೆ ಸಾಕೆಂದು ಹಿಡಿದುಕೊಂಡು ಅತ್ತಳು. ಇಷ್ಟೆಲ್ಲ ಯೋಚಿಸಿಯೂ ಬಾಯಿ ಬಿಡದೆ ಹೋದರಲ್ಲ ಎಂದು ಸಿಟ್ಟೂ ಬಂತು.

ಗಾಡಿ ಬಂತೆಂದು ಕೆಳಗಿನಿಂದ ಕೂಗಿದರು. ಮೈದುನ ಮೇಜಿನ ಮೇಲಿದ್ದ ಗಂಟುಪ್ಲಾನಿನ ಫಾರಂ ತಂದ.

"ಅತ್ತಿಗೆ, ಸಹಿ ಹಾಕಿಬಿಡಿ. ದಾರೀಲೇ ಇಳಿದು ನಾನು ಕೊಟ್ಟು ಬರ್ತೀನಿ."

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಇನ್ನೂ ಪಾಸಾಗಿಲ್ವಲ್ಲ."

ನಾಲ್ವರು ಅವರನ್ನು ಎತ್ತಿಕೊಂಡು ಮೆಟ್ಟಿಲಿಳಿಯತೊಡಗಿದರು. ಹಿಂದೆಯೇ ಅವಳು ಡ್ರೈವರಮ್ಮನ ಮೊಳಕೈ ಹಿಡಿದು ನಿಂತು ಎರಡೂ ಕಣ್ಣು ಮುಚ್ಚಿದಳು.

"ನಡಿಯಮ್ಮ."

"ಈಗಲಾ?"

"ಈಗಲೇ."

ಒಂದು ಮೆಟ್ಟಿಲು, ಇನ್ನೊಂದು. ಮುಂದೆ ಹೊತ್ತವರ ಉಸಿರು, ಗೋಡೆಗೆ ತಾಗುವ ಚಟ್ಟದ ಸದ್ದು. "ಇಲ್ಲಿ ತಿರುವು, ಅಮ್ಮ. ಎಡಗಾಲು." ಎರಡನೆಯ ಮಹಡಿ. ಅವರು ಕೂತ ಜಾಗ ಇದೇ. ಅವಳು ಅಲ್ಲೇ ನಿಂತಳು. ಆಗಲೇ ಡ್ರೈವರಮ್ಮನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಬಡಿದುಕೊಂಡೇ ಇತ್ತು. ಮೊಳಕೈ ಅವಳ ಕೈಯನ್ನು ಪಕ್ಕೆಗೆ ಬಿಗಿಯಾಗಿ ಅದುಮಿಕೊಂಡಿತು, ಡ್ರೈವರಮ್ಮನ ಇನ್ನೊಂದು ಕೈ ಬಂದು ಬೆನ್ನಿಗೆ ಆತು ನಿಂತಿತು. ಫೋನು ತಾನಾಗಿಯೇ ಸುಮ್ಮನಾಯಿತು.

ಅವಳು ಕಣ್ಣು ತೆರೆಯದೆ, ಹಿಂದೆ ಬರುತ್ತಿದ್ದ ಮಗಳ ಕಡೆಗೆ ಕೈ ಚಾಚಿದಳು.

"ಪೆನ್ನು ಕೊಡೇ."