ಚುಕ್ಕೆ ಇರುವ ಎಡಗಣ್ಣು

ಆಕ್ಟೋಪಸ್ಸಿನ ಕಣ್ಣು ಇಕ್ಕಳದಿಂದ ಜಾರಿ ಟಣ್ಣನೆ ಬಿದ್ದು ಬೆಂಚಿನ ಕೆಳಗೆ ಉರುಳಿಕೊಂಡು ಹೋಯಿತು. ಅವಳು ಮಂಡಿಯೂರಿ ತಡಕಾಡುತ್ತಿರುವಾಗ ಬಾಗಿಲಲ್ಲಿ ಒಂದು ಜೊತೆ ಬೂಟು ಬಂದು ನಿಂತಿತು. ಎಡಗಾಲಿನದು ಹಿಮ್ಮಡಿಯ ಹತ್ತಿರ ಒಳಮಗ್ಗುಲಿಗೆ ಸವೆದಿತ್ತು. ಮುಖ ನೋಡುವ ಅಗತ್ಯವೇ ಬೀಳಲಿಲ್ಲ.

“ಇಲ್ಲಿದೆ,” ಎಂದು ಅವನು ಬಗ್ಗಿ ಎತ್ತಿಕೊಂಡ. “ಯಾರದಿದು, ಮೇಕೆದಾ?”

“ಆಕ್ಟೋಪಸ್ಸಿಂದು. ಕೊಡು.”

ಇಷ್ಟು ವರ್ಷಗಳಾದ ಮೇಲೆ ಇಬ್ಬರ ನಡುವೆ ಆದ ಮೊದಲ ಮಾತು ಇದು. ಈ ಹೊತ್ತಿಗೆಂದು ಅವಳು ಮನಸ್ಸಿನಲ್ಲಿ ಎಷ್ಟೊಂದು ಮಾತು ಜೋಡಿಸಿಟ್ಟುಕೊಂಡಿದ್ದಳು. ಮೇಕೆ ಅದರಲ್ಲಿ ಎಲ್ಲೂ ಇರಲಿಲ್ಲ.

ಅವಳ ದೊಡ್ಡಪ್ಪನದು ಗಾಜಿನ ಕಣ್ಣು ಮಾಡುವ ಕಾರ್ಖಾನೆ. ಬೊಂಬೆಗಳಿಗೆ, ಕಣ್ಣು ಕಳೆದುಕೊಂಡವರಿಗೆ. ಅವನು ಗಾಜು ಊದುತ್ತಿದ್ದ, ಅವಳು ಬಣ್ಣ ಬರೆಯುತ್ತಿದ್ದಳು, ಒಂದೇ ಬೆಂಚಿನಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ಪ್ಯಾಕಿಂಗಿನ ಹೆಂಗಸರು ಮದುವೆ ಊಟ ಯಾವತ್ತು ಅಂತ ಕೇಳಿ ಕೇಳಿ ಸುಸ್ತಾಗಿದ್ದರು. ಒಂದು ದಿನ ಅವನು, ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಒಂದು ನೆಲೆ ಆದಮೇಲೆ ಬಂದು ಕರ್ಕೊಂಡು ಹೋಗ್ತೀನಿ ಎಂದ. ಹೋದ. ಅಷ್ಟೇ.

“ಏನಪ್ಪಾ, ದಾರಿ ತಪ್ಪಿತಾ?” ದೊಡ್ಡಪ್ಪ ಒಳಗಿನಿಂದಲೇ ಕೇಳಿದರು.

“ಮ್ಯೂಸಿಯಮ್ಮಿಗೆ ಶೋಕೇಸ್ ಮಾಡ್ತಿರೋದು ನಮ್ಮ ಕಂಪನಿ, ದೊಡ್ಡಪ್ಪ. ಅಳತೆ ತಗೊಂಡು ಹೋಗೋಣ ಅಂತ.”

“ಅಳತೆ ಫೋನಲ್ಲಿ ಹೇಳಬಹುದಿತ್ತು,” ಎಂದ ದೊಡ್ಡಪ್ಪ ಚಪ್ಪಲಿ ಮೆಟ್ಟಿದರು. “ಹಾಲು ಮುಗಿದಿದೆ. ತರ್ತೀನಿ.” ಪಾತ್ರೆಯಲ್ಲಿ ಹಾಲು ತುಂಬಿತ್ತು.

ಪ್ರಾಣಿಗಳಲ್ಲಿ ಕಣ್ಣು ಹೇಗೆ ಹುಟ್ಟಿ ಬೆಳೆಯಿತು ಅಂತ ತೋರಿಸುವುದಕ್ಕೆ ಮ್ಯೂಸಿಯಮ್ಮಿನವರು ಮಾಡಿಸುತ್ತಿದ್ದ ಕಣ್ಣುಗಳು ಟ್ರೇಯಲ್ಲಿ ಸಾಲಾಗಿದ್ದವು. ಅವನು ಮೊದಲನೆಯದನ್ನು ಮುಟ್ಟಿದ. ಚಪ್ಪಟೆ ಹುಳದ್ದು, ಒಂದು ಕಪ್ಪು ಗುಳಿ.

“ಇದಕ್ಕೆ ಏನು ಕಾಣುತ್ತೆ?”

“ಏನೂ ಕಾಣಲ್ಲ. ಬೆಳಕು ಯಾವ ಕಡೆಯಿಂದ ಬರ್ತಿದೆ ಅನ್ನೋದು ಗೊತ್ತಾಗುತ್ತೆ.”

“ಪಾಪ.”

“ಅಷ್ಟರಲ್ಲೇ ಬದುಕುತ್ತೆ,” ಎಂದಳು.

ಆಮೇಲಿನದು ಕಡಲ ಚಿಪ್ಪಿನ ಅಂಚಿಗೆ ಮಣಿ ಪೋಣಿಸಿದಂತಿದ್ದ ನೀಲಿ ಕಣ್ಣುಗಳು. ಅವುಗಳ ತಳದಲ್ಲಿ ಕನ್ನಡಿ ಇರುತ್ತದೆ, ಕನ್ನಡಿಗೆ ಬಡಿದು ವಾಪಸ್ಸಾದ ಬೆಳಕಲ್ಲಿ ಅದಕ್ಕೆ ಲೋಕ ಕಾಣುತ್ತದೆ ಎಂದಳು. ಆಕ್ಟೋಪಸ್ಸಿನದನ್ನು ಅವನು ಬೆಳಕಿಗೆ ಹಿಡಿದ.

“ಥೇಟ್ ನಮ್ಮ ಕಣ್ಣಿನ ಥರಾನೇ ಇದೆ. ನೆಂಟರಾ?”

“ಅಲ್ಲ. ಇಂಥ ಕಣ್ಣು ಯಾರಿಗೂ ಇಲ್ಲದ ಕಾಲದಲ್ಲೇ ದಾರಿ ಬೇರೆ ಆಗಿತ್ತು. ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು. ಕೊನೆಗೆ ನೋಡಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ಕಡೆ ಬಂದಿವೆ.”

“ನೋಡಿದ್ಯಾ. ದೂರ ಹೋದವರೂ...”

“ಕೋಟಿಗಟ್ಟಲೆ ವರ್ಷ ಹಿಡೀತು.”

ಅವನು ನಕ್ಕ. ನಗುತ್ತಲೇ ಕೊನೆಯ ಕಣ್ಣಿನ ಮೇಲಿದ್ದ ಬಟ್ಟೆ ಎತ್ತಿದ. ಅವಳು ಬೇಡ ಅನ್ನುವಷ್ಟರಲ್ಲಿ ತಡವಾಗಿತ್ತು.

ಮನುಷ್ಯನದು ಯಾವ ಬಣ್ಣವಾದರೂ ಆದೀತು ಎಂದಿದ್ದರು ಮ್ಯೂಸಿಯಮ್ಮಿನವರು. ಅವಳ ಕೈಗೆ ಬೇರೆ ಬಣ್ಣ ಬರಲಿಲ್ಲ. ಜೇನಿನ ಬಣ್ಣದ ಎಳೆ ಮೇಲೆ ಎಳೆ, ಕೆಳಗೊಂದು ಕಂದು ಚುಕ್ಕೆ. ಬರೆಯುತ್ತ ಬರೆಯುತ್ತ ಆ ಕಣ್ಣು ತನ್ನನ್ನು ಗುರುತು ಹಿಡಿಯಿತು ಅನ್ನಿಸಿದ ದಿನ ಕುಂಚ ಕೆಳಗಿಟ್ಟು ಅತ್ತಿದ್ದಳು. ಆಮೇಲೆ ದಿನಾ ಬೆಳಿಗ್ಗೆ ಬಟ್ಟೆ ಸರಿಸಿ ಒಮ್ಮೆ ನೋಡದೆ ಕೆಲಸಕ್ಕೆ ಕೈ ಹಾಕಿದವಳಲ್ಲ.

ಅವನು ಆ ಕಣ್ಣನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ.

“ನನ್ನದು,” ಎಂದ. ಆಮೇಲೆ, ಕಣ್ಣು ಎಡದ್ದೋ ಬಲದ್ದೋ ಅಂತ ಹೇಳುವ, ಮೂಗಿನ ಕಡೆಗೆ ಬರುವ ಚೂಪನ್ನು ಬೆರಳಿಂದ ಸವರಿದ. “ಆದ್ರೆ ನೀನು ಮಾಡಿರೋದು ಎಡಗಣ್ಣು. ಚುಕ್ಕೆ ಇರೋದು ಬಲಗಣ್ಣಲ್ಲಿ.”

“ಎಡಗಣ್ಣಲ್ಲಿ.”

“ನನ್ನ ಕಣ್ಣು ನನಗೆ ಗೊತ್ತಿಲ್ವಾ? ನೋಡು.”

ಅವನು ಕಿಟಕಿಯ ಬೆಳಕಿಗೆ ಮುಖವೊಡ್ಡಿದ. ಚುಕ್ಕೆ ಬಲಗಣ್ಣಲ್ಲೇ ಇತ್ತು. ಬೈತಲೆಯೂ ಅವಳಿಗೆ ಗೊತ್ತಿದ್ದ ಕಡೆಗಿರಲಿಲ್ಲ. ಓರೆ ನಗು ತಪ್ಪು ಕೆನ್ನೆಗೆ ಸರಿದಿತ್ತು. ಯಾರೋ ಅವನ ತಮ್ಮ ಬಂದು ನಿಂತಂತೆ ಇತ್ತು.

ಅವಳು ಬೆಂಚಿನ ಎದುರು ಗೋಡೆಯ ಕಡೆ ತಿರುಗಿದಳು. ಕಣ್ಣು ಮಾಡಿಸಲು ಬಂದವರು ಅದನ್ನು ತಮ್ಮ ಇನ್ನೊಂದು ಕಣ್ಣಿನ ಪಕ್ಕ ಹಿಡಿದು ಹೋಲಿಸುವುದಕ್ಕೆಂದು ದೊಡ್ಡಪ್ಪ ಹಾಕಿಸಿದ್ದ ಉದ್ದನೆಯ ಕನ್ನಡಿ ಅಲ್ಲಿತ್ತು. ಪಕ್ಕಪಕ್ಕ ಕೂತ ಅಷ್ಟೂ ವರ್ಷ ಅವರಿಬ್ಬರೂ ರೇಗಿಸಿದ್ದು, ಮುನಿಸಿಕೊಂಡದ್ದು, ಕಣ್ಣಲ್ಲೇ ಮಾತಾಡಿದ್ದು ಎಲ್ಲ ಅದರಲ್ಲಿ. ಕೈಯಲ್ಲಿ ಕೆಲಸ ಇರುವಾಗ ಯಾರು ಕತ್ತು ತಿರುಗಿಸುತ್ತಾರೆ? ಈಗಲೂ ಅದರೊಳಗೆ ಅವನು ನಿಂತಿದ್ದ. ಚುಕ್ಕೆ ಎಡಗಣ್ಣಲ್ಲಿ, ಬೈತಲೆ ಸರಿಯಾದ ಕಡೆಗೆ. ಇವನೇ, ಇಷ್ಟು ದಿನ ಕಾದದ್ದು ಇವನಿಗೇ.

ಕನ್ನಡಿಯಲ್ಲಿದ್ದವನು ಬೆನ್ನು ತಿರುಗಿಸಿ ಸ್ಟೂಲು ಎಳೆದುಕೊಂಡ. ಅವಳ ಮುಂದೆ ಬಂದು ಕೂತವನು ಆ ಇನ್ನೊಬ್ಬ.

“ಇನ್ನೂ ಬೆಳಕಿದೆ,” ಎಂದ. “ಬಣ್ಣ ತೆಗಿ. ನಾನು ಎದುರಿಗೆ ಕೂತಿರ್ತೀನಿ, ನೋಡ್ಕೊಂಡು ಬಲಗಣ್ಣು ಬರಿ. ಇವತ್ತು ಮುಗೀದಿದ್ರೆ ನಾಳೆ ಬರ್ತೀನಿ.” ಸ್ವಲ್ಪ ತಡೆದು, ಮೆಲ್ಲಗೆ, “ನೀನು ಹೂಂ ಅಂದ್ರೆ ಹೋಗೋದೇ ಇಲ್ಲ.”

ಅವಳು ಅವನ ಅಂಗೈಯಿಂದ ಎಡಗಣ್ಣನ್ನು ತೆಗೆದುಕೊಂಡು, ಟ್ರೇಯಲ್ಲಿ ಆಕ್ಟೋಪಸ್ಸಿನದರ ಪಕ್ಕದ ಗುಳಿಯಲ್ಲಿ ಅಂಟು ಹಚ್ಚಿ ಕೂರಿಸಿದಳು. ಹಿಡಿಯುವವರೆಗೆ ಬೆರಳಿಂದ ಒತ್ತಿ ಹಿಡಿದಳು.

“ಬೇಡ,” ಎಂದಳು.