ಕ್ರಾಸಿಂಗ್ ಕೆಟ್ಟ ಹವಳ

ಹಿರೇಕೆರೂರಿನ ಹತ್ತಿರ ನಮ್ಮೂರ ಬೆಂಡೆ ಹೊಲದ ಬದುವಿನಲ್ಲಿ ನಮ್ಮ ಡಾಕ್ಟರ್ ಸಾಹೇಬರು ಪ್ಯಾಂಟು ಮಡಚಿಕೊಂಡು ನಿಂತಿದ್ದರು. ಕಡಲತೀರದ ಹವಳ ಸಂಶೋಧನಾ ಸಂಸ್ಥೆಗೆ ಅವರು ಮುಖ್ಯಸ್ಥರು, ನಾನು ಅಲ್ಲಿಯ ಪ್ರಯೋಗಾಲಯದ ಸಹಾಯಕಿ. ಬೀಜದ ಕಂಪನಿಗಳಿಗೆ ಹೂವಿಗೆ ಹೂವು ಕೂಡಿಸಿ ಕ್ರಾಸಿಂಗ್ ಮಾಡುವ ನಮ್ಮೂರ ಹೆಂಗಸರಲ್ಲಿ ನಾಲ್ವರನ್ನು ಸಂಸ್ಥೆಗೆ ಕರೆದೊಯ್ಯಲು ಬಂದಿದ್ದೆವು. ಹವಳಕ್ಕೂ ಈಗ ಕ್ರಾಸಿಂಗ್ ಬಂದಿದೆ. ಸಮುದ್ರ ಕಾದು ಹವಳವೆಲ್ಲ ಬಿಳಿಚಿ ಸತ್ತಾಗ ಬದುಕುಳಿದದ್ದೊಂದನ್ನು ಅಪ್ಪನನ್ನಾಗಿ ಮಾಡಿ, ಹುಟ್ಟಿದ ಮರಿಗಳನ್ನು ಸಣ್ಣ ಸಿಮೆಂಟ್ ಬಿಲ್ಲೆಗಳ ಮೇಲೆ ಬೆಳೆಸಿ, ಸಮುದ್ರದೊಳಗಿನ ಹವಳದ ದಿಬ್ಬದಲ್ಲಿ ಕೂರಿಸಬೇಕು.

ಆ ನಾಲ್ವರಲ್ಲಿ ಒಬ್ಬಳಾದ ನಮ್ಮವ್ವ ಮಂಜವ್ವ ಇಪ್ಪತ್ತು ವರ್ಷ ಕ್ರಾಸಿಂಗ್ ಮಾಡಿದವಳು. ಸಮುದ್ರ ನೋಡಿಲ್ಲ. ಸಾಹೇಬರು ಅವಳಿಗೆ ಮೊಬೈಲಿನಲ್ಲಿ ನಮ್ಮ ಪ್ರಯೋಗದ ವಿಡಿಯೋ ತೋರಿಸಿದರು. ಒಂದೊಂದರಲ್ಲೂ ಬೇರೆ ಬೇರೆ ಹವಳದ ಗಂಡುಬೀಜ ಬಿಟ್ಟ ಮೂರು ಬೋಗುಣಿ ನೀರು, ಕೈಗವಸು ತೊಟ್ಟ ಒಂದು ಕೈ, ಒಂದು ಡ್ರಾಪರ್. ಅವ್ವ ಎರಡು ಸಲ ನೋಡಿದಳು.

"ಇದು ಕೆಟ್ಟೇತಿ ಬಿಡ್ರಿ, ಸಾಹೇಬ್ರ."

"ಏನಮ್ಮಾ ಕೆಟ್ಟಿರೋದು?"

"ಆ ಬೋಗುಣ್ಯಾಗ ಅದ್ದಿದ್ದನ್ನ ತೊಳೀದ ಈ ಬೋಗುಣ್ಯಾಗ ಅದ್ದ್ಯಾರ. ಅಪ್ಪ ಯಾರಂತ ಹೆಂಗ ಹೇಳ್ತೀರಿ? ನಾವು ಹಿಂಗ ಮಾಡಿದ್ರ ಕಂಪನ್ಯಾವ್ರು ಬೀಜಾ ಎಲ್ಲಾ ತಿಪ್ಪಿಗೆ ಸುರೀತಾರ."

"ಇದು ವಿಜ್ಞಾನ ಅಮ್ಮಾ, ಬೆಂಡೆಕಾಯಲ್ಲ," ಎಂದು ಸಾಹೇಬರು ನಕ್ಕರು.

ನನಗೆ ಮೈಯೆಲ್ಲ ಉರಿಯಿತು. ಶಾಲೆಯ ರಜೆಗಳಲ್ಲಿ ಇದೇ ಹೊಲದಲ್ಲಿ ಕ್ರಾಸಿಂಗ್ ಆದ ಹೂವಿಗೆ ಗುರುತಿನ ದಾರ ಕಟ್ಟಿದ ನನಗೆ ಆ ತಪ್ಪು ಪ್ರಯೋಗದ ದಿನವೇ ಗೊತ್ತಾಗಿತ್ತು. ಹೇಳಿದ್ದಕ್ಕೆ ಸಾಹೇಬರು, "ಯಾರಿಗೆ ಗೊತ್ತಾಗುತ್ತೆ, ಬೇಗ ಮುಗಿಸು" ಎಂದಿದ್ದರು. ನಾನು ಬಾಯಿ ಮುಚ್ಚಿಕೊಂಡೆ, ನಾಚಿಕೆಗೇಡಿ. ಬರುವ ಸೋಮವಾರ ಇನ್ನೂರ ಹನ್ನೆರಡು ಬಿಲ್ಲೆಗಳು ಬಿಸಿ ತಾಳುವ ತಳಿಯೆಂಬ ಹೆಸರಿನಲ್ಲಿ ದಿಬ್ಬಕ್ಕೆ ಹೋಗಲಿದ್ದವು. ಹಾಗೆಂದು ಬರೆದ ವರದಿಗೆ ನನ್ನ ಸಹಿಯೊಂದೇ ಬಾಕಿಯಿತ್ತು.

"ಅದು ನಂದ ಕೈ, ಯವ್ವಾ," ಎಂದೆ.

ಅವ್ವ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ತನ್ನದೇ ಸಾಲಿನ ಗಿಡದಲ್ಲಿ ದಾರವಿಲ್ಲದ ಕಾಯೊಂದನ್ನು ಹುಡುಕಿದಳು. ದಾರವಿಲ್ಲ ಎಂದರೆ ಕ್ರಾಸಿಂಗ್ ತಪ್ಪಿದ ಕಾಯಿ. ಸಾಹೇಬರು, ಉಳಿದ ಮೂವರು ಹೆಂಗಸರು ಎಲ್ಲರೆದುರು ಅದನ್ನು ಕಿತ್ತು ಒಗೆದಳು.

"ಇದು ನನ್ನ ತಪ್ಪು, ನಾ ಕಿತ್ತೆ. ನಿಂದು ನೀನ ಕೀಳು, ಸಮತಾ."

ನಾನು ಸಾಹೇಬರ ಕಡೆ ತಿರುಗಿದೆ. "ಸರ್, ಆ ವರದಿಗೆ ನಾ ಸಹಿ ಮಾಡಂಗಿಲ್ರಿ."

"ಹಾಗಾದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಈ ಕೆಲಸಕ್ಕಾಗಿ ನಾನು ಮೂರು ವರ್ಷ ಅಲೆದಿದ್ದೆ. ಆದರೂ ಅಲ್ಲೇ ನಿಂತು ಸಂಸ್ಥೆಯ ವಾಟ್ಸಾಪ್ ಗುಂಪಿಗೆ ಬರೆದೆ: ಇನ್ನೂರ ಹನ್ನೆರಡು ಬಿಲ್ಲೆಗಳ ಮರಿಗಳಿಗೆ ಅಪ್ಪ ಯಾವುದೆಂದು ಹೇಳಲಾಗದು, ಡ್ರಾಪರ್ ತೊಳೆಯದೆ ಅದ್ದಿದವಳು ನಾನು, ದಿಬ್ಬಕ್ಕೆ ಕಳಿಸಬೇಡಿ. ಸಾಹೇಬರ ಮೊಬೈಲು ಅವರ ಕೈಯಲ್ಲೇ ಸದ್ದು ಮಾಡಿತು.

ಅವರು ಓದಿದರು. ಮುಖ ಕೆಂಪಾಯಿತು. ನನ್ನನ್ನು ನೋಡದೆ ಹೆಂಗಸರಿಗೆ, "ನೀವು ನಾಲ್ಕು ಜನ ಗಾಡಿ ಹತ್ತಿ, ಹೊತ್ತಾಯ್ತು," ಎಂದರು.

ಯಾರೂ ಅಲುಗಲಿಲ್ಲ.

"ಕೆಟ್ಟದ್ದನ್ನ ಕೆಟ್ಟೇತಿ ಅಂದಾಕಿನ್ನ ಹೊರಗ ಹಾಕಿದ್ರಿ," ಎಂದಳು ಅವ್ವ. "ಆಕಿ ಇದ್ರ ನಾವೂ ಬರ್ತೇವಿ. ಇಲ್ಲಾಂದ್ರ ನೀವ ಆ ಬೋಗುಣ್ಯಾಗ ಅದ್ಕೋತ ಕುಂದರ್ರಿ."