ಕೆಂಪು ಗೆರೆ ಹೋದರೆ ಸಾಕು

ವಿಶಾಖಾಳ ಕುರ್ಚಿಗೆ ಬೆನ್ನು ಇರಲಿಲ್ಲ. ವಿಜಯಪುರದ ಆ ಆಫೀಸಿನಲ್ಲಿ ಇದ್ದದ್ದು ಎರಡು ಫ್ಯಾನು. ಒಂದು ಸುಶೀಲೇಂದ್ರ ಸರ್ ತಲೆಯ ಮೇಲೆ, ಇನ್ನೊಂದು ಅವರ ಅಣ್ಣನ ಮಗ ಅಮೋಲನ ತಲೆಯ ಮೇಲೆ. ಇವಳದು ಪಾಯಖಾನೆ ಬಾಗಿಲ ಪಕ್ಕದ ಮೂಲೆ. ಹೊನವಾಡದಿಂದ ಬಸ್ಸಿನಲ್ಲಿ ನಿಂತು ಬಂದ ಸೊಂಟ ಮಧ್ಯಾಹ್ನದ ಹೊತ್ತಿಗೆ ಮಾತು ಕೇಳುತ್ತಿರಲಿಲ್ಲ. ಎಂಜಿನಿಯರಿಂಗ್ ಮುಗಿಸಿದ್ದರೂ ಇಲ್ಲಿ ಅವಳಿನ್ನೂ ‘ಕಲಿಯುವವಳು’. ಅವಳ ನಂತರ ಬಂದ ಅಮೋಲ ಆಗಲೇ ಕಾಯಂ. ಅವನಿಗೆ ತಿಳಿಯದ್ದನ್ನೆಲ್ಲ ಈ ಕಲಿಯುವವಳೇ ಕಲಿಸಬೇಕು. ಎಂಥ ನ್ಯಾಯ ನೋಡಿ!

ಈ ಸಲ ಸರ್ ಮಾತು ಕೊಟ್ಟಿದ್ದರು. ತಿಕೋಟಾದ ಶಕೀಲನ ಆ್ಯಪ್ ಮುಗಿದರೆ ಅವಳೂ ಕಾಯಂ. ಅವ್ವ ಹುಲಿಗೆವ್ವ ಆ ಮಾತನ್ನು ನಂಬಿ ದ್ರಾಕ್ಷಿ ತೋಟದ ಕೂಲಿ ಬಿಡುವ ಯೋಚನೆಯಲ್ಲಿದ್ದಳು.

ಶಕೀಲನದು ನಾಮಫಲಕದ ಅಂಗಡಿ. ಮೊಬೈಲಿನಲ್ಲಿ ಹೆಸರು ಒತ್ತಿದರೆ, ಆ್ಯಪ್ ಒಂದೊಂದೇ ಅಕ್ಷರದ ಅಂಚನ್ನು ಫಾಂಟಿನಿಂದ ತೆಗೆದು ಪರದೆಯ ಮೇಲೆ ಬಿಡಿಸಬೇಕು. ಆ ಗೆರೆ ಹಿಡಿದು ಮಷೀನು ತಗಡು ಕತ್ತರಿಸುತ್ತದೆ. ಎಲ್ಲ ಮುಗಿಯಿತು ಅನ್ನುವಾಗ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ನಿನ್ನೆ ಒಪ್ಪಿದ್ದ ಕೋಡನ್ನು, ಅದರ ತಪ್ಪು ಹಿಡಿಯುವ ಕಂಪೈಲರ್ ಇವತ್ತು ಒಪ್ಪಲಿಲ್ಲ. ಪರದೆ ತುಂಬ ಕೆಂಪು ಗೆರೆ. ಒಂದು ತಿದ್ದಿದರೆ ಇನ್ನೊಂದು ಏಳುತ್ತಿತ್ತು. ತಿದ್ದಿ ತಿದ್ದಿ ಕಣ್ಣು ಉರಿಯತೊಡಗಿದವು. ಕೊನೆಗೆ ಉಳಿದದ್ದು ಒಂದೇ ತಕರಾರು: ಅಕ್ಷರದ ಅಂಚು ಸಿಗದೇ ಹೋದರೆ ಏನು ಮಾಡಲಿ, ಅದನ್ನೂ ಬರೆ.

“ಎಷ್ಟೊತ್ತ ಅದು?” ಸುಶೀಲೇಂದ್ರ ಸರ್ ಬಂದು ನಿಂತರು. “ನಾಳೆ ಮುಂಜಾನೆ ಶಕೀಲಗ ತೋರಸಬೇಕು.”

“ಎಲ್ಲಾ ಕಡೆ ತಿದ್ದಬೇಕ್ರಿ ಸರ್. ಸಂಜಿ ತನಕ ಬೇಕು.”

“ಒಂದು ಆಶ್ಚರ್ಯಸೂಚಕ ಹಾಕಿದ್ರ ಎರರ್ ಹೋಗತೈತಂತಲ್ಲ? ಅಮೋಲ ಅಂದ.”

“ಹೋಗತೈತ್ರಿ. ಆದ್ರ ಅದನ್ನ ಹಾಕಿದ್ರ ಅಂಚು ಇದ್ದೇ ಐತಿ ಅಂತ ನಾವು ಆಣಿ ಮಾಡಿದಂಗ. ಇರಲಿಲ್ಲಂದ್ರ ಆ್ಯಪ್ ಅಲ್ಲೇ ಬಂದ್ ಆಗತೈತಿ.”

“ಅಕ್ಷರಕ್ಕ ಅಂಚು ಯಾಕ ಇರೂದಿಲ್ಲ? ಕೆಂಪು ಗೆರಿ ಹೋದ್ರ ಸಾಕು. ನೀ ಬಾಜೂ ಸರಿ. ಅಮೋಲ, ನೀ ಹಾಕಪಾ.”

ಅಮೋಲ ಹಾಕಿದ. ಕೆಂಪು ಮಾಯವಾಯಿತು. ಅಮೋಲ ಅಂತ ಒತ್ತಿದರು, ಬಂತು. ಲೆಕ್ಕ ಬರೆಯುವ ಹುಡುಗಿಯ ಹೆಸರು, ಪ್ರಾಚಿ ಅಂತ ಒತ್ತಿದರು, ಅದೂ ಬಂತು. ಆಫೀಸಿನಲ್ಲಿ ಎಲ್ಲರನ್ನೂ ಕರೆಯುವುದು ಒಂದೇ ಪದದಲ್ಲಿ. ಹಾಗೇ ಪರೀಕ್ಷೆಯೂ ಮುಗಿಯಿತು.

ಮರುದಿನ ಮೂವರೂ ತಿಕೋಟಾಕ್ಕೆ ಹೋದರು. ಶಕೀಲ ಚಹಾ ತರಿಸಿದ. ಹೊಸ ಮನೆಗೆ ಫಲಕ ಕೇಳಿದ್ದ ಗಿರಾಕಿಯ ಹೆಸರನ್ನೇ ಒತ್ತಿದ: ಮಲಕಾಜಪ್ಪ ಮಾಸ್ತರ. ಆ್ಯಪ್ ತಟ್ಟನೆ ಮುಚ್ಚಿಕೊಂಡಿತು. ಮತ್ತೆ ತೆರೆದು ಒತ್ತಿದ. ಮತ್ತೆ ಮುಚ್ಚಿತು.

ವಿಶಾಖಾಳಿಗೆ ಕೂಡಲೇ ಹೊಳೆಯಿತು. ಎರಡು ಪದಗಳ ನಡುವಿನ ಖಾಲಿ ಜಾಗವೂ ಫಾಂಟಿನಲ್ಲಿ ಒಂದು ಅಕ್ಷರವೇ. ಅದಕ್ಕೆ ಅಂಚೆಲ್ಲಿಂದ ಬರಬೇಕು?

ಶಕೀಲನ ಮುಖ ಸಣ್ಣದಾಯಿತು. “ಏನ್ರಿ ಸರ್ ಇದು?”

“ಈಕಿ ಮಾಡಿದ್ದರಿ,” ಸುಶೀಲೇಂದ್ರ ಸರ್ ನಕ್ಕರು. “ಕೋಟಾದಾಗ ಡಿಗ್ರಿ ತಗೊಂಡವರ ಕೆಲಸ ಇಷ್ಟ ನೋಡ್ರಿ. ಪಾಪ ಅಂತ ಇಟ್ಕೊಂಡೇವಿ. ವಿಶಾಖಾ, ಲಗೂನ ತಿದ್ದು.”

ಅಮೋಲ ಚಹಾದ ಲೋಟದೊಳಗೆ ಮುಖ ಇಟ್ಟ.

ಕೂಗಾಡುವ ಶಕ್ತಿ ವಿಶಾಖಾಳಲ್ಲಿ ಉಳಿದಿರಲಿಲ್ಲ. ಲ್ಯಾಪ್‌ಟಾಪ್ ತೆರೆದಳು. ಅಮೋಲ ಹಾಕಿದ್ದ ಚಿಹ್ನೆಯನ್ನು ಅಳಿಸಿದಳು. ಕೆಂಪು ಗೆರೆ ಮತ್ತೆ ಎದ್ದು ನಿಂತಿತು. ಹಾಗೇ ಅದನ್ನು ಅಮೋಲನ ಮುಂದೆ ಸರಿಸಿದಳು.

“ಹಾಕಿದವರೇ ತಿದ್ದಲಿ.”

“ಏನಂದಿ? ಕಾಯಂ ಆಗೂದ ಬ್ಯಾಡೇನ ನಿನಗ?”

“ಬೇಕಾಗಿತ್ರಿ ಸರ್. ಭಾಳ ಬೇಕಾಗಿತ್ತು. ಆದ್ರ ನಿಮ್ಮ ತಪ್ಪಿಗೆ ನನ್ನ ಜಾತಿ ಹಚ್ಚಬ್ಯಾಡ್ರಿ.”

ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಬಸ್‌ಸ್ಟ್ಯಾಂಡ್ ಮುಟ್ಟಿದಳು. ಅವ್ವನಿಗೆ ಏನು ಹೇಳುವುದು ಎಂದು ಯೋಚಿಸುತ್ತ ಕೂತಾಗ ಫೋನು ಬಂತು. ಸುಶೀಲೇಂದ್ರ ಸರ್. ಧ್ವನಿ ಈಗ ಬೆಣ್ಣೆಯಾಗಿತ್ತು.

“ಎಲ್ಲಿದ್ದೀ ಯವ್ವಾ? ಇವಗ ತಿಳಿವಲ್ದು. ಬಂದು ತಿದ್ದಿಕೊಡು. ಇವತ್ತಿಂದನ ಕಾಯಂ ಅಂತ ತಿಳ್ಕೊ.”

“ಬರತೇನ್ರಿ. ಶಕೀಲಣ್ಣಾರು ಬಾಜೂ ಅದಾರೇನು?”

“ಅದಾರ, ಯಾಕ?”

“ತಪ್ಪು ಯಾರದು ಅಂತ ಅವರಿಗೆ ಹೇಳ್ರಿ. ನನಗ ಕೇಳುವಂಗ ಹೇಳ್ರಿ.”

ಅತ್ತ ಸರ್ ಅಂಗಡಿಯಿಂದ ಹೊರಗೆ ನಡೆದಂತಿತ್ತು. ಮಷೀನಿನ ಸದ್ದು ದೂರವಾಯಿತು.

“ಅದೊಂದು ಬಿಟ್ಟು ಬ್ಯಾರೆ ಏನರ ಕೇಳು,” ಅಂದರು ಸರ್.

“ಬ್ಯಾರೆ ಏನೂ ಬ್ಯಾಡ್ರಿ,” ಅಂದಳು ವಿಶಾಖಾ.